ಕಯ್ಪೆ ಕಹಿಯಾದ ಬಗೆ

ಸಿಹಿ, ಕಹಿ. ಪ್ರಾಸಕ್ಕೆಂದೇ ಹುಟ್ಟಿದಂತೆ ಕಾಣುವ ಈ ಜೋಡಿ ಹುಟ್ಟಿದಾಗ ಹೀಗಿರಲಿಲ್ಲ. ಒಂದರ ಬೇರು ‘ಸೀ’, ಇನ್ನೊಂದರದು ‘ಕಯ್’. ನೂರಾರು ವರ್ಷ ಕನ್ನಡಿಗರ ಬಾಯಲ್ಲಿ ಜೊತೆಜೊತೆಯಾಗಿ ಆಡಿ ಆಡಿ ಎರಡೂ ಒಂದೇ ಅಳತೆಗೆ ಬಂದವು. ಎಷ್ಟರಮಟ್ಟಿಗೆ ಎಂದರೆ, ದೂರದರ್ಶನದ ‘ಸಿಹಿ ಕಹಿ’ ಧಾರಾವಾಹಿ ಮುಗಿದು ದಶಕಗಳಾದರೂ ನಟ ಚಂದ್ರು ಅವರ ಹೆಸರಿನ ಮುಂದೆ ಆ ಜೋಡಿಪದ ಇಂದಿಗೂ ಹಾಗೇ ನಿಂತಿದೆ. ಸಿಹಿಯ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ಕಹಿಯ ಮಾತು.

ಆ ಮಾತು ಈಗ ಎದ್ದದ್ದಕ್ಕೆ ಕಾರಣ ಬಿಯರು. 2010-11ರ ಸುಮಾರಿಗೆ ಬೆಂಗಳೂರಿನಲ್ಲಿ ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಮಾರುವ ಮೈಕ್ರೋಬ್ರೂವರಿಗಳು ಒಂದೊಂದಾಗಿ ಬಾಗಿಲು ತೆರೆದವು. ಅಲ್ಲಿಯವರೆಗೆ ನಮ್ಮ ಜನಕ್ಕೆ ಬಿಯರು ಎಂದರೆ ಒಂದೇ: ತಣ್ಣಗಿನ, ತಿಳಿಹಳದಿಯ, ಹೆಚ್ಚೇನೂ ರುಚಿಯಿಲ್ಲದ ಲಾಗರು. ಈಗ ಅದರಲ್ಲಿ ನಾನಾ ಜಾತಿ ಬಂದಿವೆ. ಅವುಗಳಲ್ಲೊಂದು ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕಿ ತಯಾರಿಸಿದ ಐಪಿಎ (ಇಂಡಿಯಾ ಪೇಲ್ ಏಲ್). ಬೆಂಗಳೂರಿನಲ್ಲಿ ಕೆಲಸ ಮಾಡುವ ತಿಪಟೂರು, ತುರುವೇಕೆರೆ, ಹುಳಿಯಾರು ಕಡೆಯ ಹುಡುಗರು ಹಬ್ಬಕ್ಕೆ, ರಜೆಗೆ ಊರಿಗೆ ಬರುವಾಗ ಇಂಥ ನಾಲ್ಕು ಬಗೆಯ ಬಾಟಲಿ, ಕ್ಯಾನು ಹಿಡಿದು ಬರುತ್ತಾರೆ. ಬೋರನಕಣಿವೆ ಜಲಾಶಯದ ಆಸುಪಾಸಿನ ತೋಟದ ಮನೆಗಳಲ್ಲಿ, ಸಂಜೆ ಬಿಸಿಲು ಇಳಿದ ಮೇಲೆ, ಸಣ್ಣ ಸಣ್ಣ ಲೋಟಗಳಲ್ಲಿ ಸುರಿದು ಒಂದನ್ನು ಇನ್ನೊಂದರ ಪಕ್ಕ ಇಟ್ಟು ರುಚಿ ನೋಡುತ್ತಾರೆ. ಆ ಮಾತುಕತೆಯನ್ನು ಕಿವಿಗೊಟ್ಟು ಕೇಳಿದ್ದೇನೆ. ಹಾಪಿ, ಸಿಟ್ರಸಿ, ಪೈನಿ, ಡ್ರೈ, ಕ್ರಿಸ್ಪ್ ಎಂದು ಇಂಗ್ಲಿಷಿನಲ್ಲಿ ಹತ್ತು ಪದ ಉದುರುತ್ತವೆ. ಕನ್ನಡದಲ್ಲಿ ಬರುವುದು ಒಂದೇ ಒಂದು: ಕಹಿ. ಆಮೇಲೆ ಮೌನ. ಕನ್ನಡದ ಕಹಿ ಇಷ್ಟು ಬಡವಾದದ್ದೇ ಎಂದು ತಿಳಿಯಬೇಕಾದರೆ ಅದರ ಹಿಂದಿನದನ್ನು ನೋಡಬೇಕು.

ಹಳಗನ್ನಡದಲ್ಲಿ ‘ಕಹಿ’ ಎಂಬ ರೂಪ ಇಲ್ಲ. ಇರುವುದು ‘ಕಯ್ಪು’, ‘ಕಯ್ಪೆ’. ‘ಕಯ್’ ಎಂದರೆ ಕಹಿಯಾಗು ಎಂಬ ಧಾತು. ಅದಕ್ಕೆ ‘ಪು’ ಸೇರಿ ನಾಮಪದವಾಯಿತು. ನೆನೆ ಎಂಬುದಕ್ಕೆ ‘ಪು’ ಸೇರಿ ನೆನಪು, ಹೊಳೆ ಎಂಬುದಕ್ಕೆ ಸೇರಿ ಹೊಳಪು ಆಯಿತಲ್ಲ, ಹಾಗೆಯೇ. ‘ಕಯ್’ ಎಂದರೆ ಹಸ್ತವೂ ಹೌದು, ಅದು ಬೇರೆಯ ಪದ. ಎರಡೂ ಒಂದೇ ಉಚ್ಚಾರದಲ್ಲಿ ಅಕ್ಕಪಕ್ಕ ಬದುಕಿದ್ದವು. ಆಮೇಲೆ ಕನ್ನಡದ ದೊಡ್ಡ ತಿರುವು ಬಂತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಸುಮಾರು ಹತ್ತನೆಯ ಶತಮಾನದಿಂದ ಕಾಣಿಸಿಕೊಂಡ ಈ ಬದಲಾವಣೆ, ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ ಹದಿಮೂರನೆಯ ಶತಮಾನದ ಹೊತ್ತಿಗೆ ಜನರ ನಾಲಿಗೆಯಲ್ಲಿ ಚೆನ್ನಾಗಿ ಬಲಿತಿತ್ತು. ಹೆಚ್ಚಾಗಿ ಇದು ಪದದ ಮೊದಲಲ್ಲಿ ನಡೆಯಿತು. ನೆನಪು, ಹೊಳಪುಗಳ ನಡುವಿನ ‘ಪ’ ಜಗ್ಗಲಿಲ್ಲ. ಉಪ್ಪಿನ ಒತ್ತು, ಕೆಂಪಿನ ಅನುಸ್ವಾರ ಅವುಗಳ ‘ಪ’ವನ್ನು ಕಾದವು. ಆದರೆ ಕಯ್ಪೆಯ ‘ಪ’ ಕರಗಿ ‘ಹ’ ಆಯಿತು, ಯಕಾರ ಅದರೊಳಗೆ ಅಡಗಿತು, ಕೊನೆಯ ‘ಎ’ ‘ಇ’ಗೆ ತಿರುಗಿತು. ಕಹಿ ಉಳಿಯಿತು. ‘ಸೀ’ ಬೇರಿನ ಪದಕ್ಕೂ ಇದೇ ಗತಿಯಾಗಿ ಸಿಹಿ ಬಂತು.

ಇದು ಊಹೆಯ ಮಾತಲ್ಲ ಎನ್ನುವುದಕ್ಕೆ ಸಾಕ್ಷಿ ಘಟ್ಟದ ಕೆಳಗಿದೆ. ತುಳುವರು ಈಗಲೂ ಕಹಿಗೆ ‘ಕೈಪೆ’ ಎನ್ನುತ್ತಾರೆ, ಸಿಹಿಗೆ ‘ಚೀಪೆ’ ಅಥವಾ ‘ತೀಪೆ’ ಎನ್ನುತ್ತಾರೆ. ಈ ಜೋಡಿಯಲ್ಲಿ ನಮ್ಮ ‘ಹಿ’ ಇರುವ ಕಡೆ ಅವರಲ್ಲಿ ‘ಪೆ’. ಮಂಗಳೂರಿನ ಮಾರುಕಟ್ಟೆಯಲ್ಲಿ ನಿಂತರೆ ಸಾವಿರ ವರ್ಷದ ಹಿಂದಿನ ಕನ್ನಡದ ಅಂಚು ಕಿವಿಗೆ ತಾಕುತ್ತದೆ. ಇನ್ನೂ ಕೆಳಗೆ, ಕಾಸರಗೋಡು ದಾಟಿದರೆ, ಹಾಗಲಕಾಯಿಗೇ ಮಲಯಾಳಿಗಳು ‘ಕೈಪ್ಪಕ್ಕ’ ಎಂದು ಹೆಸರಿಟ್ಟಿದ್ದಾರೆ; ಅಂದರೆ ಕಹಿಕಾಯಿ. ತಮಿಳಿನಲ್ಲಿ ‘ಕೈಪ್ಪು’ ಇದೆ. 1894ರಲ್ಲಿ ಮಂಗಳೂರಿನಿಂದ ಬಂದ ಕಿಟೆಲ್ ನಿಘಂಟಿನಲ್ಲೂ, 1961ರಲ್ಲಿ ಬರೋ ಮತ್ತು ಎಮೆನೊ ಹೊರತಂದ ದ್ರಾವಿಡ ಪದಮೂಲ ಕೋಶದಲ್ಲೂ ಈ ಬಳಗವನ್ನು ಓದಬಹುದು. ಬಳಗವಿಡೀ ದ್ರಾವಿಡದ್ದು. ಖಾರ ಎಂಬ ಪದವನ್ನು ನಾವು ಸಂಸ್ಕೃತದ ಕ್ಷಾರದಿಂದ ಪಡೆದೆವು. ಕಹಿ ಹಾಗಲ್ಲ, ಸಿಹಿ, ಹುಳಿ, ಉಪ್ಪು, ಒಗರುಗಳಂತೆ ಅದು ಮನೆಯ ಪದ.

ಸಂಸ್ಕೃತದಲ್ಲಿ ಕಹಿಗೆ ತಿಕ್ತ. ಆಯುರ್ವೇದದ ಆರು ರುಚಿಗಳಾದ ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯಗಳಲ್ಲಿ ಅದು ಐದನೆಯದು. ಇಲ್ಲೊಂದು ಸೋಜಿಗ. ಆ ಪಟ್ಟಿಯಲ್ಲಿ ‘ಕಟು’ ಎಂದರೆ ಮೆಣಸಿನ ಖಾರ. ಆದರೆ ಅದೇ ಪದ ಹಿಂದಿಗೆ ಬರುವಾಗ ‘ಕಡವಾ’ ಆಗಿ ಕಹಿಯ ಅರ್ಥಕ್ಕೆ ಜಾರಿತು. ‘ಕಷಾಯ’ ಎಂದರೆ ಒಗರು. ನಮ್ಮಲ್ಲಿ ಅದು ಶುಂಠಿ, ಮೆಣಸು ಹಾಕಿ ಕುದಿಸಿದ ಮದ್ದಿನ ಹೆಸರಾಯಿತು. ರುಚಿಯ ಪದಗಳು ಊರಿಂದೂರಿಗೆ ಹೋಗುವಾಗ ಇಷ್ಟೆಲ್ಲ ಅದಲುಬದಲಾಗಿವೆ. ಕನ್ನಡದ ಕಹಿ ಮಾತ್ರ ಕದಲಿಲ್ಲ. ಉಚ್ಚಾರ ಸವೆಯಿತು, ಅರ್ಥ ಸವೆಯಲಿಲ್ಲ.

ಸವೆಯಲಿಲ್ಲ, ಆದರೆ ಹೊರೆ ಏರಿತು. ಕಹಿ ನೆನಪು, ಕಹಿ ಸುದ್ದಿ, ಕಹಿ ಸತ್ಯ, ಮನಸ್ಸು ಕಹಿ ಮಾಡಿಕೊಳ್ಳುವುದು. ಜ್ವರ ಬಂದಾಗ ಬಾಯಿ ಕಹಿ. ಎಲ್ಲವೂ ಬೇಡದ್ದು, ಇಲ್ಲವೇ ವಿಧಿಯಿಲ್ಲದೆ ಸಹಿಸಿಕೊಂಡದ್ದು. ಇದಕ್ಕೆ ನಾಲಿಗೆಯಲ್ಲೇ ಕಾರಣವಿದೆ. ಸಿಹಿಯನ್ನು ಗುರುತಿಸಲು ಮನುಷ್ಯನ ಬಾಯಲ್ಲಿ ಒಂದೇ ಬಗೆಯ ಗ್ರಾಹಕ ಸಾಕು. ಕಹಿಗೆ ಸುಮಾರು 25 ಬಗೆ ಇವೆ. ಗಿಡಮರಗಳು ತಮ್ಮ ರಕ್ಷಣೆಗೆ ಮಾಡಿಕೊಂಡ ವಿಷಗಳಲ್ಲಿ ಬಹುಪಾಲು ಕಹಿ. ಅವನ್ನು ನುಂಗುವ ಮೊದಲೇ ತಿಳಿಯಲಿ ಎಂದು ಇಷ್ಟೊಂದು ಕಾವಲು. ನಮ್ಮ ಅಡುಗೆಮನೆಗಳಲ್ಲಿ ಈ ಕಾವಲು ದಿನವೂ ಕೆಲಸ ಮಾಡುತ್ತದೆ. ಸೌತೆಕಾಯಿ, ಹೀರೇಕಾಯಿ, ಸೋರೇಕಾಯಿ ಹೆಚ್ಚುವ ಮುಂಚೆ ಹೆಂಗಸರು ತುದಿಯ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ಕಹಿ ಎಂದರೆ ಕಾಯಿ ತಿಪ್ಪೆಗೆ. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ಜೀವಕ್ಕೇ ಕುತ್ತು ತರಬಲ್ಲದು ಎಂದು ಈಗ ವೈದ್ಯರು ಹೇಳುತ್ತಾರೆ. ನಮ್ಮ ಅಜ್ಜಿಯರು ಅದನ್ನು ನಾಲಿಗೆ ತುದಿಯಲ್ಲೇ ಪರೀಕ್ಷೆ ಮಾಡಿ ಮನೆಮಂದಿಯನ್ನು ಕಾದರು.

ಹಾಗಿದ್ದರೂ ನಾವು ಬೇಡವೆಂದ ಕಹಿಗಿಂತ ಬೇಕೆಂದು ತಿಂದ ಕಹಿ ಕಡಿಮೆಯೇನಲ್ಲ. ಯುಗಾದಿಯ ಬೇವಿನ ಹೂವು ಇದೆ. ಹಾಗಲಕಾಯಿ ಗೊಜ್ಜು ಇದೆ, ಮೆಂತ್ಯದ ದೋಸೆ ಇದೆ. ಎಲ್ಲಕ್ಕೂ ಮಿಗಿಲಾಗಿ ಕಾಫಿ ಇದೆ. ಒಂದು ವಿಷಯ ಗಮನಿಸಿ: ಕಾಫಿಯನ್ನು ಹೊಗಳುವಾಗ ಯಾರೂ ‘ಕಹಿ ಚೆನ್ನಾಗಿದೆ’ ಎನ್ನುವುದಿಲ್ಲ. ಸ್ಟ್ರಾಂಗಾಗಿದೆ, ಡಿಕಾಕ್ಷನ್ ಗಟ್ಟಿಯಾಗಿದೆ, ಘಮಘಮ ಅನ್ನುತ್ತಿದೆ ಎನ್ನುತ್ತೇವೆ. ಅದೇ ಕಾಫಿ ಕೆಟ್ಟರೆ ಮಾತ್ರ ‘ಥೂ, ಕಹಿ’. ಮೆಚ್ಚಿದ್ದು ಕಹಿಯನ್ನೇ, ಆದರೆ ಹೆಸರು ಹೇಳಿ ಮೆಚ್ಚಲು ನಾವು ಕಲಿತಿಲ್ಲ. ಬಿಯರಿನ ಮುಂದೆ ನಮ್ಮ ಹುಡುಗರ ಕನ್ನಡ ನಿಂತುಹೋಗುವುದು ಇಲ್ಲಿಯೇ.

ಈ ಸೀಮೆಯ ಹಳೆಯ ಪಾನೀಯಗಳಲ್ಲಿ ಕಹಿಗೆ ಜಾಗವೂ ಇರಲಿಲ್ಲ. ತೆಂಗು ಇಲ್ಲಿ ಕೊಬ್ಬರಿಗೆ ಮೀಸಲು. ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಒಣಗಿಸಿ, ಸುಲಿದು ತಿಪಟೂರಿನ ಮಾರುಕಟ್ಟೆಗೆ ಒಯ್ಯುವುದೇ ಬದುಕು. ಹೆಂಡಕ್ಕೆ ಮಡಕೆ ಕಟ್ಟುತ್ತಿದ್ದದ್ದು ಹಳ್ಳದ ದಂಡೆಯ ಈಚಲು ಮರಕ್ಕೆ. ಬೆಳಗಿನ ಜಾವ ಇಳಿಸಿದಾಗ ಅದು ಸಿಹಿ, ಹೊತ್ತೇರಿದಂತೆ ಹುಳಿ, ಸಂಜೆಗೆ ಮೂಗಿಗೆ ಹೊಡೆಯುವಷ್ಟು ಹುಳಿ. ಕಹಿ ಅದರೊಳಗೆ ಇಲ್ಲ, ಅದು ಹೋದ ಮನೆಗಳಲ್ಲಿತ್ತು. ಕುಡಿತದಿಂದ ಹಾಳಾದ ಸಂಸಾರಗಳ ಲೆಕ್ಕ ಊರೂರಿನ ಹೆಂಗಸರಿಗೆ ಗೊತ್ತು. 2004ರಲ್ಲಿ ಒಳನಾಡಿನಲ್ಲಿ ಹೆಂಡ ನಿಂತಿತು, 2007ರಲ್ಲಿ ಸಾರಾಯಿ ನಿಂತಿತು. ಅದಕ್ಕೂ ಮುಂಚೆ, ತೆಂಗಿಗೆ ನುಸಿ ಬಿದ್ದು ಫಸಲು ಕೈಬಿಟ್ಟಾಗ, ನೀರಾ ಇಳಿಸುವ ಹಕ್ಕು ಕೊಡಿ ಎಂದು ರೈತರು ಬೀದಿಗಿಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರಿಗೆ ರೈತರು ಬಲಿಯಾದರು. ಕುಡಿಯುವುದರ ರುಚಿಯ ಬಗ್ಗೆ ಬರೆಯುವಾಗ ಇದನ್ನೆಲ್ಲ ಮರೆತು ಬರೆಯಲಾರೆ. ರುಚಿ ನೋಡುವುದು ಬೇರೆ, ಕುಡಿಯುವುದು ಬೇರೆ. ರುಚಿ ನೋಡುವುದು ನಾಲ್ಕು ಗುಟುಕಿನಲ್ಲಿ ಮುಗಿಯಬೇಕಾದ ಕೆಲಸ.

ಹಾಪ್ಸ್ ನಮ್ಮ ಸೀಮೆಯ ಗಿಡವಲ್ಲ. ತಂಪು ನಾಡಿನ ಬಳ್ಳಿ ಅದು, ಗಾಂಜಾದ ಕುಟುಂಬಕ್ಕೆ ಸೇರಿದ್ದು. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಹೆಣ್ಣು ಬಳ್ಳಿಯಲ್ಲಿ ಹಸಿರು ಪಕಳೆಗಳ ಸಣ್ಣ ತೆನೆ ಬಿಡುತ್ತದೆ; ಪಕಳೆ ಬಿಡಿಸಿದರೆ ಬುಡದಲ್ಲಿ ಹಳದಿ ಪುಡಿ. ಕಹಿ, ಘಮ ಎರಡೂ ಇರುವುದು ಆ ಪುಡಿಯಲ್ಲಿ. 1516ರಲ್ಲೇ ಬವೇರಿಯಾದ ದೊರೆಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದೆಂದು ಕಟ್ಟಳೆ ಮಾಡಿದ್ದರು. ಬಿಯರು ಬೇಗ ಕೆಡದಂತೆ ಹಾಪ್ಸ್ ಕಾಯುತ್ತದೆ. ಹಾಗಾಗಿಯೇ ಇಂಗ್ಲೆಂಡಿನಿಂದ ಕಲ್ಕತ್ತ, ಮದರಾಸು, ಮುಂಬಯಿಗೆ ಹಡಗಿನಲ್ಲಿ ಬರುತ್ತಿದ್ದ ಬಿಯರಿಗೆ ಅದನ್ನು ಹೆಚ್ಚಾಗಿ ಹಾಕುತ್ತಿದ್ದರು. ಐಪಿಎಯ ಮೊದಲಕ್ಷರ ಇಂಡಿಯಾದ್ದು.

ಇನ್ನು ಕಹಿ ಹುಟ್ಟುವ ಕ್ರಮ. ಹಾಪ್ಸಿನಲ್ಲಿ ಆಲ್ಫಾ ಆಮ್ಲಗಳಿವೆ. ಅವು ಇದ್ದ ಹಾಗೆಯೇ ಅಷ್ಟು ಕಹಿಯಲ್ಲ. ಬಾರ್ಲಿಯ ಸಿಹಿರಸದೊಂದಿಗೆ ಒಂದು ಗಂಟೆ ಕುದ್ದಾಗ ಅವುಗಳ ರಚನೆ ತಿರುಗಿ ಐಸೋ ಆಲ್ಫಾ ಆಮ್ಲಗಳಾಗುತ್ತವೆ. ನಾಲಿಗೆ ಹಿಡಿಯುವ ಕಹಿ ಅದೇ. ಲೀಟರಿಗೆ ಒಂದು ಮಿಲಿಗ್ರಾಂ ಐಸೋ ಆಲ್ಫಾ ಆಮ್ಲ ಇದ್ದರೆ ಹೆಚ್ಚುಕಡಿಮೆ ಒಂದು ಐಬಿಯು ಎಂದು ಕಹಿಯ ಅಳತೆ. ಸಾದಾ ಲಾಗರು ಬಹುಮಟ್ಟಿಗೆ 20ರೊಳಗೆ ಇರುತ್ತದೆ, ಅಮೆರಿಕದ ಬಗೆಯ ಐಪಿಎ 40ರಿಂದ 70ರವರೆಗೆ. ಕುದಿ ಮುಗಿದು ತಣ್ಣಗಾದ ಮೇಲೆ ಹಾಕಿದ ಹಾಪ್ಸ್ ಕಹಿಯನ್ನು ಅಷ್ಟಾಗಿ ಕೊಡುವುದಿಲ್ಲ, ಘಮವನ್ನು ಕೊಡುತ್ತದೆ. ಒಗ್ಗರಣೆಯನ್ನು ಕೊನೆಗೆ ಹಾಕುವ ನಮಗೆ ಈ ಗುಟ್ಟನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬಾಟಲಿಗೆ ಬಿಸಿಲು ಬಿದ್ದರೆ ಇದೇ ಆಮ್ಲಗಳು ಒಡೆದು ಕೆಟ್ಟ ನಾತ ಬರುತ್ತದೆ. ಕಂದು ಗಾಜು ಅದಕ್ಕಾಗಿಯೇ.

ಒಂದು ಸಂಜೆ ತೋಟದ ಮನೆಯ ಜಗಲಿಯಲ್ಲಿ ನಾಲ್ಕು ಲೋಟ ಇಟ್ಟಿದ್ದೆವು. ಯಾವುದು ಯಾವುದೆಂದು ತಿಳಿಯದ ಹಾಗೆ ಲೋಟದ ತಳಕ್ಕೆ ಗುರುತು. ಭಾವ ಊರಲ್ಲೇ ಇದ್ದು ತೋಟ ನೋಡಿಕೊಳ್ಳುವವರು, ಐಪಿಎ ಎಂಬ ಹೆಸರನ್ನೂ ಕೇಳಿದವರಲ್ಲ. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು, ನುಂಗಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇದು ಬೇವಿನ ಕಹಿ ಅಲ್ಲ ಕಣಪ್ಪ. ಬೇವು ಗಂಟ್ಲಲ್ಲಿ ಕೂತ್ಕಂಡ್ರೆ ಏಳಲ್ಲ. ಇದು ಬತ್ತದೆ, ಹೋಯ್ತದೆ” ಎಂದರು. ಅಕ್ಕ ಕುಡಿಯುವವಳಲ್ಲ. ಲೋಟ ಮೂಗಿನ ಹತ್ತಿರ ಹಿಡಿದು, “ಹೇರಳೆಕಾಯಿ ಸಿಪ್ಪೆ ಹಿಂಡಿದಂಗೈತೆ” ಎಂದಳು. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಗ್ರೇಪ್‌ಫ್ರೂಟ್ ಎಂದು ಬರೆದಿತ್ತು. ಆ ಹಣ್ಣನ್ನು ನಮ್ಮಲ್ಲಿ ಯಾರೂ ತಿಂದಿರಲಿಲ್ಲ. ಆದರೂ ಅಕ್ಕ ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಳು.

ಹೇರಳೆ, ಚಕ್ಕೋತ, ಕಿತ್ತಳೆ ಎಲ್ಲವೂ ಒಂದೇ ಬಳಗ, ಗ್ರೇಪ್‌ಫ್ರೂಟ್ ಕೂಡ ಅದೇ. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಗೆ ಇದೇ ಘಮ. ಹೊಸ ಬಗೆಯ ಬಿಯರುಗಳ ಹಾದಿ ತೆರೆದದ್ದು ಆ ತಳಿ. ಭೌಗೋಳಿಕ ಗುರುತು ಪಡೆದ ದೇವನಹಳ್ಳಿ ಚಕ್ಕೋತವನ್ನು ತೊಳೆ ಬಿಡಿಸಿ ತಿಂದವರಿಗೆ, ತೊಳೆಯ ಬಿಳಿ ಪೊರೆ ಕಚ್ಚಿದಾಗ ಬರುವ ಕಹಿ ಗೊತ್ತು. ಅದು ಎಳೆ ಕಹಿ. ಹಿಂದೆಯೇ ಹುಳಿ ಬರುತ್ತದೆ. ‘ಚಕ್ಕೋತದ ಪೊರೆಯ ಕಹಿ’ ಎಂದರೆ ಒಂದು ಬಗೆಯ ಐಪಿಎಯನ್ನು ಯಾವ ಇಂಗ್ಲಿಷ್ ಪದಕ್ಕಿಂತಲೂ ಹತ್ತಿರದಿಂದ ಹೇಳಿದಂತಾಗುತ್ತದೆ. ಎರಡನೆಯ ಲೋಟದಲ್ಲಿದ್ದದ್ದು ಮೆಂತ್ಯದ ಕಹಿ, ಹುರಿದ ವಾಸನೆಯ ಜೊತೆ ಬರುವಂಥದ್ದು. ಮೂರನೆಯದರಲ್ಲಿ ಕಹಿಗಿಂತ ಒಗರೇ ಹೆಚ್ಚು.

ಒಗರು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಬಿಯರಿನ ರುಚಿ ನೋಡುವವರು ಹೆಚ್ಚಾಗಿ ಎಡವುವುದು ಕಹಿ ಮತ್ತು ಒಗರಿನ ನಡುವೆ. ಹಾಪ್ಸ್ ಬಹಳ ಹಾಕಿದಾಗ ಎಲೆಯ ಪಾಲಿಫಿನಾಲುಗಳೂ ಇಳಿದು ನಾಲಿಗೆಯನ್ನು ಹಿಡಿದುಕೊಳ್ಳುತ್ತವೆ. ಅದು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ. ಇಂಗ್ಲಿಷ್ ಮಾತಾಡುವ ಬಹಳ ಮಂದಿಗೆ ಅದಕ್ಕೊಂದು ದಿನಬಳಕೆಯ ಪದವಿಲ್ಲ, ಪುಸ್ತಕದ ಪದವಿದೆ. ನಮ್ಮಲ್ಲಿ ನಾಲ್ಕು ವರ್ಷದ ಮಗುವೂ ಬಾಳೆಕಾಯಿ ಕಚ್ಚಿ ‘ಒಗರು’ ಎನ್ನುತ್ತದೆ. ತೆಂಗಿನ ಸೀಮೆಯವರು ಎಳನೀರಿನ ಒಂದು ಗುಟುಕಿನಲ್ಲೇ ಕಾಯಿ ಎಳೆಯದೋ ಬಲಿತದ್ದೋ ಹೇಳುತ್ತಾರೆ, ತೀರ ಎಳೆಯದು ಒಗರೆಂದು. ಅಡಿಕೆ ಒಗರು, ನೆಲ್ಲಿಕಾಯಿ ಒಗರು, ಹಸಿ ಗೇರುಹಣ್ಣು ಒಗರು. ಒಂದೊಂದರ ಹಿಡಿತವೂ ಬೇರೆ. ಇನ್ನೊಂದು ನಮ್ಮ ಕಡೆಯ ಪದ ‘ಕಮಟು’. ಕೊಬ್ಬರಿ ಹಳತಾಗಿ, ಎಣ್ಣೆ ಕೆಟ್ಟು ಬರುವ ವಾಸನೆ, ಕೊನೆಯಲ್ಲಿ ಸಣ್ಣ ಕಹಿ ಬಿಡುವಂಥದ್ದು. ಕೊಬ್ಬರಿ ಆರಿಸುವವರು ಮೂಗಿನಿಂದಲೇ ಅದನ್ನು ಬೇರ್ಪಡಿಸುತ್ತಾರೆ. ಬಹಳ ದಿನ ಇಟ್ಟ ಬಿಯರು ಕೆಟ್ಟಾಗ ಅದು ಕಹಿಯಾಯಿತು ಎನ್ನುವುದು ತಪ್ಪು. ಕೆಟ್ಟದ್ದಕ್ಕೆ ಕೆಟ್ಟದ್ದರ ಹೆಸರೇ ಬೇಕು, ಕಹಿಯ ಮೇಲೆ ಆ ಅಪವಾದ ಬೇಡ.

ಪದ, ರುಚಿ ಎರಡರ ಮಾತೂ ಬಂದಾಗ ಈ ಸೀಮೆಯವರೇ ಒಬ್ಬರು ನೆನಪಾಗುತ್ತಾರೆ. ಬೋರನಕಣಿವೆ ಇರುವ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದೇ ತೀರ್ಥಪುರ, ತೀ.ನಂ.ಶ್ರೀಕಂಠಯ್ಯನವರ (1906-1966) ಊರು. ಕನ್ನಡದ ಧ್ವನಿಗಳು ಹೇಗೆ ಬದಲಾದವು ಎಂದು ಶಾಸ್ತ್ರೀಯವಾಗಿ ನೋಡಿದ ಮೊದಲಿಗರಲ್ಲಿ ಅವರು ಒಬ್ಬರು. ರಸವೆಂದರೇನು ಎಂದು ಕನ್ನಡಕ್ಕೆ ತಿಳಿಹೇಳಿದ ‘ಭಾರತೀಯ ಕಾವ್ಯಮೀಮಾಂಸೆ’ (1953) ಬರೆದವರೂ ಅವರೇ. ಭರತ ‘ನಾಟ್ಯಶಾಸ್ತ್ರ’ದಲ್ಲಿ ರಸವನ್ನು ವಿವರಿಸಲು ಹಿಡಿದ ದಾರಿ ಊಟದ್ದು: ಬಗೆಬಗೆಯ ವ್ಯಂಜನಗಳನ್ನು ಸೇರಿಸಿ ಮಾಡಿದ ಅನ್ನವನ್ನು ಉಣ್ಣುವ ಸುಮನಸ್ಕರು ಅದರ ರಸವನ್ನು ಆಸ್ವಾದಿಸುವಂತೆ ಎಂದು. ನಾಲಿಗೆಯ ಅನುಭವ ಮೊದಲು, ಕಾವ್ಯದ್ದು ಆಮೇಲೆ. ಆರು ರುಚಿಯಲ್ಲಿ ಯಾವುದನ್ನೂ ಹೊರಗಿಡದ ಪರಂಪರೆ ಇದು. ಕರುಣ, ಬೀಭತ್ಸಗಳೂ ರಸಗಳೇ ಆದಾಗ ಕಹಿಯೊಂದು ಮಾತ್ರ ಬೈಗುಳವಾಗಿ ಉಳಿಯಬೇಕಾದ್ದಿಲ್ಲ.

ರುಚಿ ನೋಡುವವರಿಗೆ ಕೆಲವು ಮಾತು. ಬಿಯರು ಮಂಜುಗಟ್ಟುವಷ್ಟು ತಣ್ಣಗಿದ್ದರೆ ಘಮ ಏಳುವುದಿಲ್ಲ. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ. ಬಾಟಲಿಯಿಂದ ಕುಡಿಯಬೇಡಿ, ಲೋಟಕ್ಕೆ ಸುರಿಯಿರಿ, ಮೊದಲು ಮೂಗಿಗೆ ಕೊಡಿ. ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ ಹೋಗಿ. ತಿರುಗಾಮುರುಗಾ ಮಾಡಿದರೆ ಎಳೆಯದು ನೀರಿನಂತೆ ಅನ್ನಿಸುತ್ತದೆ. ನಡುನಡುವೆ ನೀರು, ಉಪ್ಪು ಖಾರ ಹಾಕದ ಬರೀ ಪುರಿ. ಕೊಬ್ಬರಿ ಚೂರನ್ನು ಕೊನೆಗೆ ಇಟ್ಟುಕೊಳ್ಳಿ, ಅದರ ಜಿಡ್ಡು ಕಹಿಯನ್ನು ಮುಚ್ಚುತ್ತದೆ. ನುಂಗಿದ ಮೇಲೆ ಎಷ್ಟು ಹೊತ್ತು ಉಳಿಯಿತು, ಉಳಿದದ್ದು ಕಹಿಯೋ ಒಗರೋ ಎಂದು ನೋಡಿ. ಲೋಟಕ್ಕೆ ನಾಲ್ಕು ಗುಟುಕಿನಷ್ಟು ಸಾಕು. ಬಳಿಕ ಗಾಡಿ ಹತ್ತಬೇಡಿ.

ಬರೆದಿಟ್ಟುಕೊಳ್ಳುವಾಗ ಬರಿಯ ‘ಕಹಿ’ ಎಂದು ನಿಲ್ಲಿಸಬೇಡಿ. ಬೇವಿನದೋ, ಮೆಂತ್ಯದ್ದೋ, ಹೇರಳೆ ಸಿಪ್ಪೆಯದೋ, ಚಕ್ಕೋತದ ಪೊರೆಯದೋ, ಸೀದ ಕಾಫಿಬೀಜದ್ದೋ ಎಂದು ಬರೆಯಿರಿ. ಪದ ಸಿಗದಿದ್ದರೆ ಮನೆಯ ಹಿರಿಯ ಹೆಂಗಸರ ಮೂಗಿನ ಮುಂದೆ ಲೋಟ ಹಿಡಿಯಿರಿ, ಅವರ ಬಾಯಲ್ಲಿ ಇದೆ. ನಿಮ್ಮ ಕಡೆ ಕಹಿಯ ಬಗೆಗಳಿಗೆ ಬೇರೆ ಹೆಸರುಗಳಿದ್ದರೆ, ಕಯ್ಪೆಯ ಇನ್ನೊಂದು ರೂಪ ಎಲ್ಲಾದರೂ ಆಡುಮಾತಿನಲ್ಲಿ ಉಳಿದಿದ್ದರೆ, ಊರಿನ ಹೆಸರಿನೊಂದಿಗೆ ಬರೆದು ತಿಳಿಸಿ. ನಿಘಂಟುಗಳಲ್ಲಿ ಅವಕ್ಕೆ ಇನ್ನೂ ಜಾಗವಿದೆ.